ಎರಡು ನಿಮಿಷದ ಥ್ರಿಲ್ಲರ್ ಓಪನಿಂಗ್: ದಣಪೆ ನೋಡದವರಿಗೆ ಭಯ ಮುಟ್ಟಿಸುವುದು ಹೇಗೆ?

ಚೊಗರುಕೈ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಡಿಗ್ರಿ ಓದುತ್ತಿದ್ದೇನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಥ್ರಿಲ್ಲರ್ ಸಿನಿಮಾದ ಓಪನಿಂಗ್ ಮಾಡಬೇಕಿತ್ತು. ಪೂರ್ತಿ ಸಿನಿಮಾ ಅಲ್ಲ, ಬರೀ ಶುರುವಿನ ಎರಡು ನಿಮಿಷ. ಅದರೊಳಗೇ ಟೈಟಲ್ಸ್ ಬರಬೇಕು. ನೋಡಿದವರಿಗೆ ಮುಂದೇನು ಅನ್ನಿಸಬೇಕು. ಶೂಟಿಂಗ್ ಮುಗಿದಿದೆ, ಎಡಿಟಿಂಗ್ ಒಂದು ಹಂತಕ್ಕೆ ಬಂದಿದೆ. ಇನ್ನು ವರದಿ ಬರೆಯಬೇಕು: ಏನು ಮಾಡಿದಿರಿ, ಯಾಕೆ ಹಾಗೆ ಮಾಡಿದಿರಿ, ನೋಡಿದವರು ಏನಂದರು. ಬರೆಯಲು ಕೂತರೆ ಒಂದು ವಿಷಯ ತಲೆ ತಿನ್ನುತ್ತಿದೆ.

ಮೊದಲು ಕಥೆ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಒಂದು ಒಂಟಿಮನೆ. ಮಟಮಟ ಮಧ್ಯಾಹ್ನ. ಜಗಲಿಯಲ್ಲಿ ಒಬ್ಬರು ದೊಡ್ಡಮ್ಮ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದಾರೆ. ತೋಟದ ಕಡೆಯಿಂದ ಒಬ್ಬ ಬರುತ್ತಾನೆ. ಪ್ಯಾಂಟು, ಶರ್ಟು, ಹೆಗಲಿಗೊಂದು ಬ್ಯಾಗು. ಮುಖದಲ್ಲಿ ವಿಶೇಷ ಏನೂ ಇಲ್ಲ. ದಣಪೆ ಹತ್ತಿರ ನಿಲ್ಲುತ್ತಾನೆ. ಬಯಲುಸೀಮೆಯವರಿಗಾಗಿ: ಎರಡು ಕಂಬ, ಕಂಬಕ್ಕೆ ತೂತು, ತೂತಿನಲ್ಲಿ ಅಡ್ಡಡ್ಡ ಗಳ, ಅಂದರೆ ಉದ್ದನೆಯ ಕೋಲು. ದನ ಒಳಗೆ ನುಗ್ಗದಿರಲಿ ಅಂತ ಇರುವುದು. ಆ ಮನೆಯ ದಣಪೆಯಲ್ಲಿ ನಡುವಿನ ಗಳ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಎತ್ತಿ, ಎಡಕ್ಕೆ ತಿರುಗಿಸಿದರೆ ಮಾತ್ರ ಸರಿಯುತ್ತದೆ. ಅದು ಮನೆಯವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ. ಬಂದವರು ಬಗ್ಗಿ ನುಸುಳುತ್ತಾರೆ, ಇಲ್ಲವೇ ಆಚೆಯಿಂದಲೇ ಕೂಗುತ್ತಾರೆ. ಇವನು ಒಂದೇ ಸಲಕ್ಕೆ ಎತ್ತಿ, ತಿರುಗಿಸಿ, ಸರಿಸಿ ಒಳಗೆ ಬರುತ್ತಾನೆ. ಮತ್ತೆ ಹಾಗೇ ಹಾಕುತ್ತಾನೆ.

ದೊಡ್ಡಮ್ಮ "ಯಾರ ಮನೆಯವರು?" ಎಂದು ಕೇಳುತ್ತಾರೆ. ಉತ್ತರ ಇಲ್ಲ. ಬೆಲ್ಲ, ನೀರು ತಂದಿಡುತ್ತಾರೆ. ಅವನು ನೀರು ಕುಡಿದು, ಎದ್ದು, ಚೊಂಬನ್ನು ತಾನೇ ಬಚ್ಚಲುಮನೆಯ ಗೂಡಿನಲ್ಲಿ ಇಟ್ಟು ಬರುತ್ತಾನೆ. ಆ ಚೊಂಬು ದಿನಾ ಇರುವುದೇ ಅಲ್ಲಿ. ಕಟ್. ಸಿನಿಮಾದ ಹೆಸರು: 'ಗೊತ್ತಿದ್ದವ'.

ರಾತ್ರಿ ಇಲ್ಲ, ಚಾಕು ಇಲ್ಲ, ಯಾರೂ ಓಡುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದು. ಮಲೆನಾಡು ಅಂದ ಕೂಡಲೇ ಮಂಜು, ಮಳೆ, ಆಗುಂಬೆ ಘಾಟಿಯ ತಿರುವು, ಟಾರ್ಚ್ ಹಿಡಿದ ಕೈ. ನಮ್ಮ ಕ್ಲಾಸಿನ ಉಳಿದ ಟೀಮುಗಳದ್ದೂ ಹೆಚ್ಚಿನಂಶ ಕತ್ತಲೇ. ನಾನು ಬೆಳೆದದ್ದು ಅಂಥದ್ದೇ ಒಂಟಿಮನೆಯಲ್ಲಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಇರುವುದಿಲ್ಲ. ಕತ್ತಲಿಗೆ ಹೆದರಿಕೊಂಡರೆ ಕೊಟ್ಟಿಗೆಗೆ ಹೋಗುವವರು ಯಾರು? ಆದರೆ ಹೊಸಬ ಯಾರೇ ಬರಲಿ, ಅವನು ಅಂಗಳ ಮುಟ್ಟುವ ಮೊದಲೇ ಸುದ್ದಿ ಬಂದಿರುತ್ತದೆ. ಬಸ್ಸು ಇಳಿದಲ್ಲಿ ಅಂಗಡಿಯವರು ಕೇಳಿರುತ್ತಾರೆ. ಹಳ್ಳದ ಸಂಕ (ಕಾಲುಸೇತುವೆ) ದಾಟುವಾಗ ಇನ್ನೊಬ್ಬರು ಕೇಳಿರುತ್ತಾರೆ. ಯಾರ ಕಣ್ಣಿಗೂ ಬೀಳದೆ ಬಂದವನಿಗೆ ನಮ್ಮ ಮನೆಯ ಒಳಗಿನ ಸಂಗತಿ ಗೊತ್ತಿದೆ ಅಂದರೆ, ನನಗೆ ಭಯ ಅಲ್ಲಿ.

ಊರಿನಲ್ಲಿ ನಮ್ಮ ಅತ್ತೆಗೆ ತೋರಿಸಿದೆ. ಅವರು ಫೋನ್ ಕೆಳಗಿಟ್ಟು, "ಅವನಿಗೆ ಆ ಗಳದ ವಿಷಯ ಯಾರು ಹೇಳಿದರು?" ಅಂದರು. ನನಗೆ ಬೇಕಾಗಿದ್ದು ಆ ಪ್ರಶ್ನೆಯೇ. ಹಾಸ್ಟೆಲಿನಲ್ಲಿ ಬಳ್ಳಾರಿ, ದಾವಣಗೆರೆ ಕಡೆಯ ಗೆಳತಿಯರಿಗೆ ತೋರಿಸಿದರೆ, "ಯಾರೋ ನೆಂಟರು ಬಂದರು. ಆಮೇಲೆ?" ಅಂದರು. ಅವರು ಬೆಚ್ಚಿದ್ದು ಬೇರೆ ಜಾಗದಲ್ಲಿ. ದೊಡ್ಡಮ್ಮ ಅಡಿಕೆ ಬೇಯಿಸಿದ ಹಂಡೆಯಿಂದ ಚೊಗರು, ಅಂದರೆ ಅಡಿಕೆ ಬೆಂದ ಕೆಂಪು ನೀರು, ತೋಡಿದ್ದರು, ಕೈಯೆಲ್ಲ ಕೆಂಪಾಗಿತ್ತು. ಅದು ರಕ್ತ ಅಂದುಕೊಂಡರು! ನಮ್ಮ ಕ್ಯಾಮೆರಾದವನಿಗೆ ಇದು ಭಾರಿ ಖುಷಿ. ಆ ಶಾಟನ್ನೇ ಮೊದಲು ಹಾಕೋಣ ಅನ್ನುತ್ತಾನೆ. ನನಗೆ ಸುತರಾಂ ಒಪ್ಪಿಗೆ ಇಲ್ಲ. ರಕ್ತ ಅಂತ ಹೆದರಿಸಿ ಆಮೇಲೆ ಅಡಿಕೆ ಅನ್ನುವುದು ಮಕ್ಕಳಾಟ.

ಸರ್ ಹೇಳುವುದು ಇನ್ನೊಂದು. ಮೇಜಿನ ಕೆಳಗೆ ಬಾಂಬು ಇದೆ ಅಂತ ನೋಡುವವರಿಗೆ ಮೊದಲೇ ಗೊತ್ತಿದ್ದರೆ ತಾನೇ ಸಸ್ಪೆನ್ಸ್ ಅಂತ ಥ್ರಿಲ್ಲರ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದರಲ್ಲ, ಅದು. "ನಿನ್ನ ಬಾಂಬು ಅರ್ಧ ಜಿಲ್ಲೆಗೆ ಮಾತ್ರ ಕಾಣುತ್ತದೆ" ಅಂದರು. ದೊಡ್ಡಮ್ಮನ ಬಾಯಲ್ಲಿ "ಈ ಗಳ ತೆಗೆಯಲು ನಮ್ಮನೆಯವರಿಗೆ ಬಿಟ್ಟು ಯಾರಿಗೂ ಬರುವುದಿಲ್ಲ" ಅಂತ ಒಂದು ಮಾತು ಹಾಕಿಸು ಅನ್ನುತ್ತಾರೆ. ಯಾವ ದೊಡ್ಡಮ್ಮ ಹೀಗೆ ಮಾತಾಡುತ್ತಾರೆ ಹೇಳಿ?

ಬಿಡಿಸಿ ಹೇಳದೆ, ಮಲೆನಾಡು ನೋಡದವರಿಗೂ ಇದು ಮುಟ್ಟಬೇಕು. ಹೇಗೆ?


ಸಾಗರದ ಸೌಂಡು ಬರೆದದ್ದು:

ಮಾರಾಯ್ತಿ, ಚಿತ್ರ ಬಿಡು, ಕಿವಿಯಿಂದ ಹೋಗು.

ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಒಂದು ಲಯ ಇರುತ್ತದೆ ಅಲ್ವಾ? ಕಾಯಿ ಒತ್ತುವ ಸದ್ದು, ಸಿಪ್ಪೆ ಬೀಳುವ ಸದ್ದು, ಅಡಿಕೆ ಬುಟ್ಟಿಗೆ ಬೀಳುವ ಸದ್ದು. ಮೊದಲ ಶಾಟಿನಿಂದಲೇ ಅದು ಕೇಳುತ್ತಿರಲಿ. ತೋಟದಲ್ಲಿ ಅವನು ನಡೆದು ಬರುವಾಗಲೂ ದೂರದಿಂದ ಅದೇ ಸದ್ದು. ಅವನು ಗಳ ಎತ್ತಿ ತಿರುಗಿಸುತ್ತಾನೆ ನೋಡು, ಆಗ ಸುಲಿಯುವ ಸದ್ದು ನಿಲ್ಲಬೇಕು. ದೊಡ್ಡಮ್ಮನನ್ನು ತೋರಿಸಲೇಬೇಡ. ಬರೀ ಗಳ, ಅವನ ಕೈ, ಸದ್ದು ನಿಂತದ್ದು. ದಣಪೆ ಗೊತ್ತಿಲ್ಲದವನಿಗೂ ಇಲ್ಲೇನೋ ಆಯಿತು ಅಂತ ತಿಳಿಯುತ್ತದೆ. ಗಳ ವಾಪಸ್ ಹಾಕಿದ ಮೇಲೆ ಮತ್ತೆ ಶುರುವಾಗಲಿ, ಆದರೆ ನಿಧಾನಕ್ಕೆ.

ಇದಕ್ಕೆ ಕ್ಯಾಮೆರಾದಲ್ಲಿ ಬಂದ ಆಡಿಯೋ ಆಗುವುದಿಲ್ಲ. ಮತ್ತೆ ಹೋಗಿ ಸದ್ದು ಮಾತ್ರ ಹಿಡಿದುಕೊಂಡು ಬಾ. ಫೋನ್ ಆದರೂ ಸಾಕು. ವೇವ್ ಫೈಲು, 48 ಕಿಲೋಹರ್ಟ್ಸ್. ಸದ್ದನ್ನು ತಾನೇ ಏರಿಸಿ ಇಳಿಸುವ ಆಟೊ ಗೇನ್ ಆಫ್ ಮಾಡು. ಅದು ಆನ್ ಇದ್ದರೆ ಸದ್ದು ನಿಂತ ಕೂಡಲೇ ಹಿಂದಿನ ಗಾಳಿ, ಹಕ್ಕಿ ಎಲ್ಲ ದೊಡ್ಡದಾಗಿ ಎದ್ದು ಬರುತ್ತದೆ, ನಿನ್ನ ಮೌನ ಕೆಟ್ಟುಹೋಗುತ್ತದೆ. ಮೆಟ್ಟುಗತ್ತಿಯ ಹತ್ತಿರ ಒಂದು, ದಣಪೆಯ ಹತ್ತಿರ ನಿಂತು ದೂರದಿಂದ ಒಂದು, ಎರಡೂ ಬೇಕು.

ಜೊತೆಗೆ ಯಾರೂ ಮಾತಾಡದೆ ಅಂಗಳದ ಬರೀ ಸದ್ದನ್ನು ಒಂದೆರಡು ನಿಮಿಷ ಹಿಡಿ. ನಮ್ಮ ಕಡೆ ಶಾಟಿನಿಂದ ಶಾಟಿಗೆ ಜೀರುಂಡೆ ಬದಲಾಗುತ್ತದೆ, ಪಕ್ಕದ ತೋಟದ ಪಂಪ್‌ಸೆಟ್ಟು ಬರುತ್ತದೆ, ಹೋಗುತ್ತದೆ. ಆ ಒಂದೇ ಸದ್ದನ್ನು ಎಲ್ಲಾ ಶಾಟಿನ ಅಡಿಗೆ ಹಾಸಿದರೆ ಕಟ್ ಕಿವಿಗೆ ಕುಟುಕುವುದಿಲ್ಲ.

ಮ್ಯೂಸಿಕ್ ಹಾಕಿದ್ದೀಯಾ? ಹಾಕಿದ್ದರೆ ತೆಗಿ.


ತುಂಗಭದ್ರ_ಕೆಳದಂಡೆ ಬರೆದದ್ದು:

ನಾನು ಬಳ್ಳಾರಿಯವನು. ಸಿನಿಮಾ ಮಾಡುವವನಲ್ಲ, ಸುಮ್ನೆ ನೋಡುವವನು. ನಿಮ್ಮ ವಿವರಣೆ ಓದಿದ ಮೇಲೆ ನನಗೂ ಮೈ ಜುಮ್ಮೆಂದಿತು. ಓದದೆ ನೋಡಿದ್ದರೆ ನಿಮ್ಮ ಗೆಳತಿಯರ ಹಾಗೇ "ಆಮೇಲೆ?" ಅನ್ನುತ್ತಿದ್ದೆ. ನಮಗೆ ಆ ಗೇಟು ಹೇಗೆ ತೆಗೆಯುತ್ತಾರೆ ಅಂತಲೇ ಗೊತ್ತಿಲ್ಲ. ಅವನು ಸಲೀಸಾಗಿ ತೆಗೆದರೆ ಎಲ್ಲರೂ ಹಾಗೇ ತೆಗೆಯುತ್ತಾರೆ ಅಂದುಕೊಳ್ಳುತ್ತೇವೆ.

ಅವನಿಗಿಂತ ಮೊದಲು ಇನ್ನೊಬ್ಬರನ್ನು ಕರೆತನ್ನಿ. ದಿನಾ ಬರುವ ಹುಡುಗನೇ ಇರಲಿ. ಗಳ ಎಳೆಯಲಿ, ಬರದಿರಲಿ, ಬೈದುಕೊಂಡು ಬಗ್ಗಿ ಒಳಗೆ ಬರಲಿ. ಮಾತು ಬೇಕಾಗಿಲ್ಲ. ಆಮೇಲೆ ನಿಮ್ಮವನು ಬರಲಿ.


ಹೆಗ್ಗೋಡು ದಾರಿ ಬರೆದದ್ದು:

ತಂಗಿ, ಕಥೆ ಚೆನ್ನಾಗಿದೆ. ಹಗಲಲ್ಲಿ ಮಾಡಿದ್ದಕ್ಕೆ ಮೊದಲು ಶಭಾಷ್. ನಾನು ಮದುವೆ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ಅದಕ್ಕೇ ಮಂಜು, ಡ್ರೋನು, ಜಲಪಾತ ಕಂಡರೆ ಈಗ ಆಕಳಿಕೆ ಬರುತ್ತದೆ.

ಬಳ್ಳಾರಿಯವರ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ನೋಡುವವರಿಗೆ ಎಲ್ಲ ಗೊತ್ತಿರಬೇಕಿಲ್ಲ. 1973ರಲ್ಲಿ ನಮ್ಮೂರ ನಾಟಕ ಸಂಸ್ಥೆ ನೀನಾಸಂನ ಚಿತ್ರಸಮಾಜ (ಫಿಲ್ಮ್ ಸೊಸೈಟಿ) ಶುರುವಾದ ಮೇಲೆ ಹೆಗ್ಗೋಡಿನ ಸುತ್ತಮುತ್ತ ಅಡಿಕೆ ಕೊಯ್ಯುವವರೂ ಹೊರದೇಶದ ದೊಡ್ಡ ಸಿನಿಮಾಗಳನ್ನು ಕೂತು ನೋಡಿದ್ದಾರೆ. ನಮ್ಮ ಅಪ್ಪ ನೋಡಿದವರು. ಆ ದೇಶದ ಮನೆ ಹೇಗೆ, ಬಾಗಿಲು ಹೇಗೆ, ಅವರಿಗೇನು ಗೊತ್ತಿತ್ತು? ಮನುಷ್ಯರ ಮುಖ ನೋಡಿ ಅರ್ಥ ಮಾಡಿಕೊಂಡರು.

ಆದ್ದರಿಂದ ದೊಡ್ಡಮ್ಮನ ಮುಖ ತೋರಿಸು. ಸಾಗರದವರು ತೋರಿಸಬೇಡ ಅಂದರು, ನಾನು ತೋರಿಸು ಅನ್ನುತ್ತೇನೆ. ಆದರೆ ಅವರಿಗೆ "ಹೆದರಿಕೊಳ್ಳಿ" ಅಂತ ಹೇಳಬೇಡ. ನಟನೆ ಮಾಡದವರಿಗೆ ಹಾಗೆ ಹೇಳಿದರೆ ಕಣ್ಣು ಅಗಲಿಸಿ ನಾಟಕ ಶುರುಮಾಡುತ್ತಾರೆ. ಸುಮಾರು 100 ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ಒಂದು ಪ್ರಯೋಗ ಮಾಡಿದ್ದ. ಒಬ್ಬ ನಟನ ಒಂದೇ ಮುಖದ ಶಾಟು. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ. ನೋಡಿದವರು ಹಸಿವನ್ನೂ ದುಃಖವನ್ನೂ ಎಷ್ಟು ಚೆನ್ನಾಗಿ ನಟಿಸಿದ್ದಾನೆ ಅಂದರು. ಮುಖ ಬದಲಾಗಿಯೇ ಇರಲಿಲ್ಲ. ದೊಡ್ಡಮ್ಮ ಸುಮ್ಮನೆ ತಲೆ ಎತ್ತಿ ದಣಪೆಯ ಕಡೆ ನೋಡಿದರೆ ಸಾಕು. ಉಳಿದದ್ದನ್ನು ಅದರ ಪಕ್ಕ ಇಡುವ ಗಳದ ಶಾಟು ಮಾಡುತ್ತದೆ. ಮುಖವನ್ನು ಸ್ವಲ್ಪ ಜಾಸ್ತಿ ಹೊತ್ತು ಬಿಡು. ಬೇಗ ಕತ್ತರಿಸುವ ಚಟ ಎಲ್ಲರಿಗೂ ಇರುತ್ತದೆ.

ಮಧ್ಯಾಹ್ನ ಜಗಲಿ ಕತ್ತಲು, ಅಂಗಳ ಉರಿಬಿಸಿಲು. ಮತ್ತೆ ಶೂಟ್ ಮಾಡುವುದಾದರೆ ಅಂಗಳದ ಬೆಳಕಿಗೆ ಎಕ್ಸ್‌ಪೋಶರ್ ಲಾಕ್ ಮಾಡಿ, ಕ್ಯಾಮೆರಾ ಕಾಣದ ಬದಿಯಲ್ಲಿ ಒಂದು ಬಿಳಿ ಥರ್ಮೊಕೋಲ್ ಹಾಳೆ ಹಿಡಿ. ಬಿಸಿಲು ಅದರಿಂದ ದೊಡ್ಡಮ್ಮನ ಮುಖಕ್ಕೆ ಬರುತ್ತದೆ. ಲೈಟು ಬೇಡ.


ಇಂಬಳ ಬರೆದದ್ದು:

ಬೆಲ್ಲ ನೀರು ಕೊಟ್ಟರೂ ಯಾರ ಮನೆಯವನು ಅಂತ ಹೇಳದೆ ಕೂತನಾ? ನಮ್ಮಜ್ಜಿ ಆಗಿದ್ದರೆ ಅಷ್ಟಕ್ಕೇ ಮೆಟ್ಟುಗತ್ತಿ ಎತ್ತುತ್ತಿದ್ದರು. ನಿಮ್ಮ ಸಿನಿಮಾ ಒಂದೇ ನಿಮಿಷಕ್ಕೆ ಮುಗಿಯುತ್ತಿತ್ತು.


ಚೊಗರುಕೈ ಬರೆದದ್ದು:

ಇಂಬಳದವರೇ, ನಮ್ಮ ದೊಡ್ಡಮ್ಮನೂ ಅದನ್ನೇ ಕೇಳಿದರು. "ನಾನ್ಯಾಕೆ ಸುಮ್ಮನಿರಬೇಕು?" ಅಂತ. ಸ್ಕ್ರಿಪ್ಟು ಅಂದೆ. "ಸ್ಕ್ರಿಪ್ಟ್ ಬರೆದವರು ಯಾರು?" ಅಂದರು.

ಮೂವರ ಮಾತೂ ತಲೆಯಲ್ಲಿದೆ. ಬಗ್ಗಿ ಬರುವ ಹುಡುಗನ ಐಡಿಯಾ ಮೊದಲು ಓದಿದಾಗ ಇಷ್ಟವಾಗಲಿಲ್ಲ, ಪಾಠ ಮಾಡಿದ ಹಾಗಾಗುತ್ತದೆ ಅನ್ನಿಸಿತು. ಆಮೇಲೆ ಟೀಮಿನಲ್ಲಿ ಮಾತಾಡಿದೆವು. ಹುಡುಗ ಊರಿನವನೇ ಆಗಿದ್ದೂ ಗಳ ತೆಗೆಯಲು ಬಾರದೆ ಬಗ್ಗಿದರೆ, ಅದು ಬರೀ ಹೊರಗಿನವರಿಗೆ ವಿವರಣೆ ಅಲ್ಲ. ಊರಿನವನಿಗೇ ಗೊತ್ತಿಲ್ಲದ್ದು ಇವನಿಗೆ ಗೊತ್ತು. ನಮ್ಮ ಅತ್ತೆಯಂಥವರಿಗೂ ಭಯ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದಕ್ಕೆ ಒಪ್ಪಿದೆ.

ಮುಖವೋ ಸದ್ದೋ ಅನ್ನುವುದರಲ್ಲಿ ನಾನು ಸಾಗರದವರ ಕಡೆ. ಸದ್ದು ನಿಂತಾಗ ಮುಖ ತೋರಿಸಿದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ. ಹೆಗ್ಗೋಡಿನ ಅಣ್ಣ ಹೇಳಿದ ಮುಖವನ್ನು ಕೊನೆಗೆ, ಚೊಂಬು ಗೂಡಿಗೆ ಹೋದಾಗ ಇಡುತ್ತೇನೆ. ಥರ್ಮೊಕೋಲ್ ಖಂಡಿತ.

ಇನ್ನೊಂದು ಕಿರಿಕಿರಿ ಇದೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಟೈಟಲ್ ಟೈಪ್ ಮಾಡಿದರೆ ಒತ್ತಕ್ಷರ ಒಡೆದುಹೋಗುತ್ತಿದೆ. 'ಗೊತ್ತಿದ್ದವ' ಅನ್ನುವುದರಲ್ಲಿ ತಾವತ್ತು ಒಂದು ಕಡೆ, ದಾವತ್ತು ಒಂದು ಕಡೆ. ಹೆಸರೇ ಹೆದರಿಸುವಂತಿದೆ.


ಹೆಗ್ಗೋಡು ದಾರಿ ಬರೆದದ್ದು:

ಮದುವೆ ವಿಡಿಯೊದಲ್ಲಿ ವಧೂವರರ ಹೆಸರು ಒಡೆದು ಎಷ್ಟು ಬೈಸಿಕೊಂಡಿದ್ದೇನೆ ಅಂತ ನನಗೇ ಗೊತ್ತು. ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ಅಂತ ಇದೆ. ಅಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್‌ಗೆ ಬದಲಾಯಿಸಿ, ಹೊಸದಾಗಿ ಟೈಪ್ ಮಾಡು. ಫಾಂಟು ಯೂನಿಕೋಡ್ ಆಗಿರಬೇಕು. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಬೇಡ, ಕನ್ನಡದ ಬದಲು ಏನೇನೋ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಹೆಸರು ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ತಂದು ಹಾಕು. ನಾನು ಈಗಲೂ ಮಾಡುವುದು ಅದನ್ನೇ.

ನಿರ್ದೇಶಕಿಯ ಹೆಸರು ಟೈಟಲ್ಸಿನಲ್ಲಿ ಕೊನೆಗೆ ಬರಲಿ. ನೀನೇ ತಾನೇ?


ಚೊಗರುಕೈ ಬರೆದದ್ದು:

ನಾನೇ ಅಣ್ಣ. ಇಂಕ್‌ಸ್ಕೇಪ್ ದಾರಿಯಲ್ಲಿ ಸರಿ ಬಂತು, ಥ್ಯಾಂಕ್ಸ್.

ವರದಿಯಲ್ಲಿ ಅತ್ತೆ ಅಂದದ್ದು, ಹಾಸ್ಟೆಲಿನಲ್ಲಿ ಅಂದದ್ದು ಎರಡನ್ನೂ ಹಾಗೇ ಬರೆಯುತ್ತಿದ್ದೇನೆ. ಹೊಸ ಕಟ್ ಆದ ಮೇಲೆ ಅದೇ ಗೆಳತಿಯರಿಗೆ ತೋರಿಸಿದರೆ ಪ್ರಯೋಜನ ಇಲ್ಲ, ಅವರಿಗೆ ಈಗ ಎಲ್ಲ ಗೊತ್ತಾಗಿದೆ. ಕೆಳಗಿನ ಮಹಡಿಯವರನ್ನು ಹಿಡಿಯಬೇಕು. ಚೊಗರಿನ ಕೈ ಇರುತ್ತದೆ, ಆದರೆ ಹಂಡೆ ಮೊದಲು ಕಾಣುತ್ತದೆ, ಕೈ ಆಮೇಲೆ. ಕ್ಯಾಮೆರಾದವನು ಮುನಿಸಿಕೊಂಡಿದ್ದಾನೆ. ಬಗ್ಗಿ ಬರುವ ಹುಡುಗನ ಪಾತ್ರ ಅವನಿಗೇ ಕೊಟ್ಟಿದ್ದೇನೆ, ಆ ಶಾಟಿಗೆ ಕ್ಯಾಮೆರಾ ನಾನು ಹಿಡಿಯುತ್ತೇನೆ.

ಸಾಗರದ ಅಣ್ಣ, ನನ್ನ ಫೋನಿನ ರೆಕಾರ್ಡರಿನಲ್ಲಿ ಆಟೊ ಗೇನ್ ಆಫ್ ಮಾಡುವ ಆಯ್ಕೆಯೇ ಕಾಣುತ್ತಿಲ್ಲ. ಯಾವ ಆ್ಯಪ್ ಹಾಕಿಕೊಳ್ಳಲಿ? ಭಾನುವಾರದೊಳಗೆ ಹೇಳಿದರೆ ಉಪಕಾರ, ಮನೆಯಲ್ಲಿ ಕೊನೆಯ ಅಡಿಕೆ ರಾಶಿ ಸುಲಿದು ಮುಗಿಸುತ್ತಿದ್ದಾರಂತೆ.