ಮಣ್ಣು ಒದ್ದೆಯಿದ್ದರೂ ಟೊಮೆಟೊ, ಮೆಣಸಿನ ಸಸಿಗಳು ಬಾಡುತ್ತಿವೆ: ನೀರು ಹೆಚ್ಚಾಗಿರಬಹುದೇ?

ಪ್ರಶ್ನೆ

ಬೀಜದಿಂದ ಬೆಳೆಸಿದ ಟೊಮೆಟೊ ಮತ್ತು ಮೆಣಸಿನ ಸಸಿಗಳನ್ನು, ನಾಲ್ಕೈದು ಎಲೆ ಬಂದ ಮೇಲೆ, ಸುಮಾರು 10 ಲೀಟರ್ ಹಿಡಿಯುವ ಪ್ಲಾಸ್ಟಿಕ್ ಕುಂಡಗಳಿಗೆ ನೆಟ್ಟಿದ್ದೇನೆ. ಮಿಶ್ರಣದಲ್ಲಿ ಅರ್ಧದಷ್ಟು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇದೆ, ಉಳಿದದ್ದು ತೋಟದ ಮಣ್ಣು ಮತ್ತು ಎರೆಗೊಬ್ಬರ. ನೀರು ಸರಾಗವಾಗಿ ಬಸಿಯಲೆಂದು ತಳದಲ್ಲಿ ಜಲ್ಲಿಕಲ್ಲು ಹರಡಿದ್ದೇನೆ. ಪ್ರತಿದಿನ ಬೆಳಿಗ್ಗೆ ಒಂದೊಂದು ಲೋಟದಷ್ಟೇ ನೀರು ಕೊಡುತ್ತಿದ್ದೇನೆ. ಈಗ ಟೊಮೆಟೊ ಎಲೆಗಳು ತೊಟ್ಟಿನಿಂದಲೇ ಕೆಳಕ್ಕೆ ಬಾಗಿವೆ, ಬುಡದ ಎಲೆಗಳು ಹಳದಿಯಾಗುತ್ತಿವೆ, ಮೆಣಸಿನ ಸಸಿಗಳು ಬೆಳೆಯುವುದನ್ನೇ ನಿಲ್ಲಿಸಿವೆ. ಕುಂಡ ಮುಟ್ಟಿದರೆ ಸಣ್ಣ ಕಪ್ಪು ನೊಣಗಳು ಏಳುತ್ತವೆ. ಇದು ನೀರಿನ ಕೊರತೆಯೋ, ಹೆಚ್ಚಳವೋ, ಇಲ್ಲವೇ ಗೊಬ್ಬರ ಸಾಲದಿರುವುದೋ ಎಂಬುದನ್ನು ಖಚಿತವಾಗಿ ತಿಳಿಯುವ ಬಗೆ ಯಾವುದು?

ಉತ್ತರ 1

ನೀವು ವಿವರಿಸಿದ ಲಕ್ಷಣಗಳೆಲ್ಲ ಬೇರಿಗೆ ಗಾಳಿ ಸಾಲದಿರುವುದನ್ನೇ ಸೂಚಿಸುತ್ತವೆ. ಬೇರುಗಳೂ ಉಸಿರಾಡುತ್ತವೆ, ಮತ್ತು ಅವಕ್ಕೆ ಬೇಕಾದ ಆಮ್ಲಜನಕ ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದಲೇ ಬರಬೇಕು. ಆ ಸಂದುಗಳಲ್ಲಿ ನೀರು ತುಂಬಿಕೊಂಡರೆ ಆಮ್ಲಜನಕದ ಪೂರೈಕೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ, ಏಕೆಂದರೆ ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಕಟ್ಟಿದ ಬೇರು ಸುತ್ತಲೂ ನೀರಿದ್ದರೂ ಅದನ್ನು ಹೀರಲಾರದು. ಒದ್ದೆ ಮಣ್ಣಿನಲ್ಲಿ ನಿಂತ ಸಸಿ ಬಾಡುವುದಕ್ಕೂ, ಅದನ್ನು ಬಾಯಾರಿಕೆಯೆಂದು ತಿಳಿದು ಮತ್ತಷ್ಟು ನೀರೆರೆಯುವ ಅನಾಹುತಕ್ಕೂ ಇದೇ ಕಾರಣ.

ಬಾಯಾರಿದ ಸಸಿಯ ಎಲೆ ಮುಟ್ಟಿದರೆ ತೆಳ್ಳಗೆ, ಬಲವಿಲ್ಲದಂತಿರುತ್ತದೆ. ನೀರು ಕೊಟ್ಟ ಕೆಲವು ಗಂಟೆಗಳಲ್ಲಿ ಅದು ಚೇತರಿಸಿಕೊಳ್ಳುತ್ತದೆ. ನೀರು ಹೆಚ್ಚಾದ ಸಸಿಯ ಎಲೆ, ಆರಂಭದ ಹಂತದಲ್ಲಾದರೂ, ಬಿಗಿಯಾಗಿಯೇ ಇದ್ದು ಕೆಳಮುಖವಾಗಿ ಬಾಗಿರುತ್ತದೆ. ಟೊಮೆಟೊದಲ್ಲಿ ಇದು ಬಹಳ ಸ್ಪಷ್ಟ: ಆಮ್ಲಜನಕ ಸಿಗದ ಬೇರಿನಲ್ಲಿ ತಯಾರಾದ ರಾಸಾಯನಿಕವೊಂದು ಮೇಲೇರಿ ಎಲೆಗಳಲ್ಲಿ ಎಥಿಲೀನ್ ಎಂಬ ಅನಿಲರೂಪದ ಸಸ್ಯ ಹಾರ್ಮೋನ್ ಆಗಿ ಬದಲಾಗುತ್ತದೆ, ಅದರಿಂದ ತೊಟ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ವೇಗವಾಗಿ ಬೆಳೆದು ಇಡೀ ಎಲೆ ಕೆಳಕ್ಕೆ ತಿರುಗುತ್ತದೆ. ಬುಡದ ಎಲೆಗಳು ಹಳದಿಯಾಗುವುದು ಸಾರಜನಕದ ಕೊರತೆಯಂತೆಯೇ ಕಾಣುತ್ತದೆ. ಗೊಬ್ಬರ ಮಣ್ಣಿನಲ್ಲಿದ್ದರೂ ಬೇರು ಅದನ್ನು ತೆಗೆದುಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ಈಗ ದಯವಿಟ್ಟು ಗೊಬ್ಬರ ಹಾಕಬೇಡಿ, ಅದರ ಲವಣಗಳು ದುರ್ಬಲ ಬೇರನ್ನು ಸುಡುತ್ತವೆ.

ಖಚಿತಪಡಿಸಿಕೊಳ್ಳಲು ಒಂದು ಸಸಿಯನ್ನು ಮಣ್ಣಿನ ಹೆಂಟೆ ಒಡೆಯದಂತೆ ಹೊರತೆಗೆದು ನೋಡಿ. ಆರೋಗ್ಯವಾದ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದು ಬಣ್ಣಕ್ಕೆ ತಿರುಗಿ, ಬೆರಳಿನಿಂದ ಮೆಲ್ಲಗೆ ಎಳೆದರೆ ಹೊರಪದರ ಜಾರಿ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಮಣ್ಣಿನಿಂದ ಹುಳಿ ವಾಸನೆ ಅಥವಾ ಕೆಟ್ಟ ಮೊಟ್ಟೆಯ ವಾಸನೆ ಬರುತ್ತಿದೆಯೇ ಎಂಬುದನ್ನೂ ಗಮನಿಸಿ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಮೂಲ ದೋಷ ಕುಂಡದ ಆಯ್ಕೆಯಲ್ಲಿ ಮತ್ತು ನೀರು ಕೊಡುವ ಅಂತರದಲ್ಲಿದೆ ಎಂದು ನನಗನ್ನಿಸುತ್ತದೆ. ನಾಲ್ಕೆಲೆಯ ಸಸಿಯ ಬೇರು 10 ಲೀಟರ್ ಮಿಶ್ರಣದ ಒಂದು ಮೂಲೆಯನ್ನಷ್ಟೇ ಮುಟ್ಟುತ್ತದೆ. ಉಳಿದೆಡೆಯ ತೇವವನ್ನು ಹೀರುವವರೇ ಇಲ್ಲದೆ ಅದು ವಾರಗಟ್ಟಲೆ ಹಾಗೆಯೇ ಉಳಿಯುತ್ತದೆ. ಇದರ ಮೇಲೆ ದಿನವೂ ಒಂದು ಲೋಟ ನೀರು ಬಿದ್ದರೆ ಮಣ್ಣಿಗೆ ಆರುವ ಅವಕಾಶವೇ ಸಿಗುವುದಿಲ್ಲ. ಒಂದೇ ಸಲಕ್ಕೆ ತಳದಿಂದ ಹರಿಯುವಷ್ಟು ಕೊಟ್ಟು ನಂತರ ಹಲವು ದಿನ ಬಿಡುವುದು ಬೇರಿಗೆ ಹಿತ, ಏಕೆಂದರೆ ನೀರು ಇಳಿದುಹೋಗುವಾಗ ತನ್ನ ಹಿಂದೆಯೇ ಹೊಸ ಗಾಳಿಯನ್ನು ಒಳಗೆಳೆಯುತ್ತದೆ.

ಜಲ್ಲಿಕಲ್ಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಒಳ್ಳೆಯ ಉದ್ದೇಶದಿಂದಲೇ ಬಹಳ ಮಂದಿ ಮಾಡುತ್ತಾರೆ. ಸಣ್ಣ ಕಣಗಳ ಮಿಶ್ರಣ ನೀರನ್ನು ಬಿಗಿಯಾಗಿ ಹಿಡಿದಿರುತ್ತದೆ, ಮತ್ತು ತಾನು ಪೂರ್ತಿ ತುಂಬುವವರೆಗೆ ಕೆಳಗಿನ ದೊಡ್ಡ ಸಂದುಗಳಿಗೆ ಅದನ್ನು ಬಿಟ್ಟುಕೊಡುವುದಿಲ್ಲ. ಹೀಗಾಗಿ ಕುಂಡದ ತಳದಲ್ಲಿರಬೇಕಾಗಿದ್ದ ಒದ್ದೆಯ ಪದರ ಜಲ್ಲಿಯ ಮೇಲಕ್ಕೆ, ಅಂದರೆ ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಬರುತ್ತದೆ. ನೆನೆಸಿದ ಸ್ಪಂಜನ್ನು ಅಡ್ಡವಾಗಿ ಹಿಡಿದು, ನೀರು ತೊಟ್ಟಿಕ್ಕುವುದು ನಿಂತ ಮೇಲೆ ನೆಟ್ಟಗೆ ತಿರುಗಿಸಿದರೆ ಮತ್ತೆ ನೀರು ಸುರಿಯುತ್ತದೆ. ಎತ್ತರ ಹೆಚ್ಚಿದಷ್ಟೂ ಬಸಿಯುವುದು ಹೆಚ್ಚು. ಜಲ್ಲಿ ಕುಂಡದ ಆ ಎತ್ತರವನ್ನೇ ತಿಂದುಹಾಕುತ್ತದೆ.

ಮಣ್ಣಿಗೆ ಬೆರಳು ಹಾಕಿ ನೋಡುವ ಪರೀಕ್ಷೆಯನ್ನು ಕೊಕೊಪೀಟ್ ಇರುವ ಕಡೆ ಪೂರ್ತಿ ನಂಬಬೇಡಿ, ಮೇಲಿನ ಎರಡು ಅಂಗುಲ ಒಣಗಿ ತಿಳಿಬಣ್ಣಕ್ಕೆ ಬಂದಿದ್ದರೂ ತಳ ತೊಯ್ದೇ ಇರಬಹುದು. ಕುಂಡವನ್ನು ಎತ್ತಿ ತೂಕ ನೋಡುವುದೇ ಮೇಲು. ಚೆನ್ನಾಗಿ ನೀರುಣಿಸಿ ಬಸಿದ ಮೇಲೆ ಒಮ್ಮೆ ಎತ್ತಿ ಭಾರವನ್ನು ಗಮನದಲ್ಲಿಟ್ಟುಕೊಳ್ಳಿ. ಅದು ಕೈಗೆ ಸ್ಪಷ್ಟವಾಗಿ ಹಗುರವೆನಿಸುವವರೆಗೆ ಮತ್ತೆ ನೀರು ಬೇಡ. ತಕ್ಕಡಿಯಿದ್ದರೆ ಇನ್ನೂ ಒಳ್ಳೆಯದು, ಒಂದು ಲೀಟರ್ ನೀರು ಹೋದರೆ ಒಂದು ಕಿಲೋ ಇಳಿಯುತ್ತದೆ.

ಪ್ರಶ್ನೆ ಕೇಳಿದವರು

ಎರಡು ಸಸಿ ತೆಗೆದು ನೋಡಿದೆ. ಟೊಮೆಟೊ ಬೇರಿನ ತುದಿಗಳು ಕಂದಾಗಿವೆ, ಆದರೆ ಕಾಂಡದ ಹತ್ತಿರದ ಬೇರುಗಳು ಬೆಳ್ಳಗೇ ಇವೆ. ಮೆಣಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೇರು ಮೆತ್ತಗಾಗಿದೆ. ಹಾಗೆಯೇ ಒಣಗಲು ಬಿಡಬೇಕೇ, ಕುಂಡ ಬದಲಿಸಬೇಕೇ?

ಉತ್ತರ 3

ಎರಡನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಬೇಕಾಗುತ್ತದೆ. ಟೊಮೆಟೊ ಕಾಂಡದಿಂದಲೇ ಹೊಸ ಬೇರು ಬಿಡುವ ಗಿಡವಾದ್ದರಿಂದ, ಕೊಳೆತ ತುದಿಗಳನ್ನು ಶುದ್ಧವಾದ ಕತ್ತರಿಯಿಂದ ತೆಗೆದು, ಒಂದು ಲೀಟರಿನ ಸಣ್ಣ ಕುಂಡದಲ್ಲಿ ಮೊದಲಿಗಿಂತ ತುಸು ಆಳವಾಗಿ ನೆಡಿ. ಮೆಣಸು ಅಷ್ಟು ಸುಲಭವಾಗಿ ಹಾಗೆ ಬೇರು ಬಿಡುವುದಿಲ್ಲ, ಅದನ್ನು ಮೊದಲಿದ್ದ ಮಟ್ಟದಲ್ಲೇ ನೆಡುವುದು ಕ್ಷೇಮ. ಹೊಸ ಮಿಶ್ರಣದಲ್ಲಿ ಕಾಲು ಭಾಗದಷ್ಟಾದರೂ ಪರ್ಲೈಟ್ (ಮಣ್ಣಿನಲ್ಲಿ ಗಾಳಿಯಾಡಲು ಬೆರೆಸುವ ಹಗುರವಾದ ಬಿಳಿ ಹರಳು) ಇರಲಿ, ತೋಟದ ಮಣ್ಣನ್ನು ಬಿಟ್ಟುಬಿಡಿ. ನೆಟ್ಟ ಮೇಲೆ ಒಮ್ಮೆ ಮಾತ್ರ ನೀರು ಕೊಟ್ಟು, ಬೆಳಕು ಚೆನ್ನಾಗಿದ್ದು ಸುಡುಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿಡಿ. ಬೇರು ಕಡಿಮೆಯಿರುವ ಗಿಡ ಬಿಸಿಲಿನಲ್ಲಿ ಕಳೆದುಕೊಳ್ಳುವ ನೀರನ್ನು ತುಂಬಿಕೊಳ್ಳಲಾರದು. ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಚೇತರಿಕೆಯ ಗುರುತಿಗೆ ಸುಳಿಯಲ್ಲಿ ಬರುವ ಹೊಸ ಎಲೆಯನ್ನು ನೋಡಬೇಕು.

ಕಾಂಡ ಮಣ್ಣನ್ನು ಸೇರುವ ಕಡೆ ಚಿವುಟಿದಂತೆ ಸಣ್ಣಗಾಗಿ, ನೀರು ತುಂಬಿದಂತೆ ಕಾಣುವ ಸಸಿಗಳಿದ್ದರೆ ಅವನ್ನು ಉಳಿಸುವ ಪ್ರಯತ್ನ ಬೇಡ. ಅದು ಪಿಥಿಯಂ, ರೈಜೋಕ್ಟೋನಿಯದಂಥ ರೋಗಾಣುಗಳಿಂದ ಬರುವ ಸಸಿ ಕೊಳೆ ರೋಗ. ಅಂಥವನ್ನು ಮಣ್ಣಿನ ಸಮೇತ ತೆಗೆದುಹಾಕಿ, ಕುಂಡವನ್ನು ತೊಳೆದು ಒಣಗಿಸಿ.

ನೊಣಗಳ ಮರಿಹುಳುಗಳು ತೇವವಾದ ಮೇಲ್ಮಣ್ಣಿನಲ್ಲೇ ಬೆಳೆದು ಎಳೆ ಬೇರುಗಳನ್ನು ಕೊರೆಯುತ್ತವೆ. ಹಸಿ ಆಲೂಗೆಡ್ಡೆಯ ಬಿಲ್ಲೆಯೊಂದನ್ನು ಮಣ್ಣಿನ ಮೇಲಿಟ್ಟು ಒಂದೆರಡು ದಿನದ ನಂತರ ತಿರುಗಿಸಿದರೆ, ಕಪ್ಪು ತಲೆಯ, ಪಾರದರ್ಶಕ ಮೈಯ ಹುಳುಗಳು ಅಡಿಯಲ್ಲಿ ಅಂಟಿರುವುದು ಕಾಣುತ್ತದೆ. ಹಳದಿ ಅಂಟುಪಟ್ಟಿ ಹಾರುವ ನೊಣಗಳನ್ನು ಮಾತ್ರ ಹಿಡಿಯುತ್ತದೆ. ಮೇಲ್ಪದರವನ್ನು ಪ್ರತಿಸಲ ಒಣಗಲು ಬಿಟ್ಟು, ನೀರನ್ನು ತಟ್ಟೆಯ ಮೂಲಕ ತಳದಿಂದ ಕೊಡಿ, ಅರ್ಧ ಗಂಟೆಯ ಬಳಿಕ ತಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲಿ. ಮೊಟ್ಟೆಯಿಂದ ನೊಣವಾಗಲು ಅವಕ್ಕೆ ಮೂರ್ನಾಲ್ಕು ವಾರ ಹಿಡಿಯುವುದರಿಂದ, ಇದನ್ನು ಕನಿಷ್ಠ ಒಂದು ತಿಂಗಳಾದರೂ ಬಿಡದೆ ಪಾಲಿಸಬೇಕು.