ಎರಡು ಮಹಡಿ ಹತ್ತಿದರೆ ಏದುಸಿರು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನಗೆ 47. ಇಡೀ ದಿನ ಕೂತು ಮಾಡೋ ಕೆಲಸ. ಎರಡನೇ ಮಹಡಿ ತಲುಪೋಷ್ಟರಲ್ಲಿ ಏದುಸಿರು. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಸರಿಯಿದೆ, ಏರೋಬಿಕ್ ವ್ಯಾಯಾಮ, ಅಂದ್ರೆ ಬಿರುಸು ನಡಿಗೆ, ಓಟದಂಥದ್ದು ಮಾಡಿ ಅಂದ್ರು ಡಾಕ್ಟ್ರು. ಓಡೋಕೆ ಹೋಗಿ ಮೂರೇ ದಿನಕ್ಕೆ ಬಿಟ್ಟೆ. ಸೊನ್ನೆಯಿಂದ ಶುರು ಮಾಡಿದವರು ಯಾರಾದ್ರೂ ಇದ್ರೆ ಹೇಳಿ.

ಮೈಸೂರಿನವರು: ಸರ್, ನೀವು ಸೋಮಾರಿ ಅಂತ ಖಂಡಿತ ಅಂದ್ಕೋಬೇಡಿ. ಶುರುವಿನಲ್ಲೇ ವೇಗ ಹೆಚ್ಚಾಗಿದೆ, ಅಷ್ಟೇ. ನಾನು ಮೊದಲ ದಿನವೇ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಹೋಗಿದ್ದೆ. ಇನ್ನೂರು ದಾಟೋಷ್ಟರಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಹರಕೆ ಹೊತ್ತು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಬರ್ತಿದ್ದ ಅಜ್ಜಿಯೊಬ್ಬರು ನೀರು ಕೊಟ್ಟು, "ನಿಧಾನಕ್ಕೆ ಹತ್ತು ಮಗಾ, ತಾಯಿ ಎಲ್ಲೂ ಹೋಗಲ್ಲ" ಅಂದ್ರು. ಅವರು ಬಗ್ಗಿ, ಹಚ್ಚಿ, ಎದ್ದು, ಮತ್ತೆ ಬಗ್ಗಿ ನನ್ನನ್ನ ದಾಟಿ ಹೋದ್ರು. ಉಸಿರು ಒಂದಿಷ್ಟೂ ಏರಿರಲಿಲ್ಲ.

ಮಾರನೇ ದಿನದಿಂದ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬರೀ ಹದಿನೈದು ನಿಮಿಷ ನಡಿಗೆ. ಜೊತೆಗೆ ನನ್ನ ಹೆಂಡತಿ. ಲೆಕ್ಕ ಇಷ್ಟೇ: ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಹಾಡೋಕಾದ್ರೆ ಕಾಲು ಚುರುಕು ಮಾಡಿ, ಮಾತೇ ತುಂಡಾದ್ರೆ ನಿಧಾನಿಸಿ. ವಾರಕ್ಕೆ ಐದೈದು ನಿಮಿಷ ಸೇರಿಸ್ತಾ ಬಂದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥದ್ದು ಬೇಕು ಅನ್ನುತ್ತೆ. ಅಲ್ಲಿಗೆ ಮುಟ್ಟೋಕೆ ನನಗೆ ಎರಡು ತಿಂಗಳು ಹಿಡೀತು.

ಬೆಳಗ್ಗೆ ಹಾಸಿಗೆಯಲ್ಲೇ ಮಣಿಕಟ್ಟು ಹಿಡಿದು ನಾಡಿ ಎಣಿಸಿ ಕ್ಯಾಲೆಂಡರ್ ಮೇಲೆ ಬರೀತಿದ್ದೆ. 84 ಇದ್ದದ್ದು ಆರು ತಿಂಗಳಲ್ಲಿ 72ಕ್ಕೆ ಇಳೀತು. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳೋದು ಕಲಿತರೆ ಅಷ್ಟು ಸಲ ಬಡೀಬೇಕಾಗಿಲ್ಲ. ಶ್ವಾಸಕೋಶವೇನೂ ದೊಡ್ಡದಾಗಲ್ಲ, ಕಾಲಿನ ಸ್ನಾಯುಗಳು ರಕ್ತದಿಂದ ಆಮ್ಲಜನಕ ಚೆನ್ನಾಗಿ ಹೀರ್ಕೊಳ್ತವೆ. ಏದುಸಿರು ಕಡಿಮೆಯಾಗೋದು ಮುಖ್ಯವಾಗಿ ಇದರಿಂದ.

ಹೋದ ಆಷಾಢದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲ ದಾರೀಲಿರೋ ದೊಡ್ಡ ಕಲ್ಲಿನ ನಂದಿವರೆಗೆ ಎಲ್ಲೂ ಕೂರದೆ ಹತ್ತಿದೆ. ನಂದಿಯ ಗಂಟೆಸರ ನೋಡ್ತಾ ನಿಂತಾಗ ಆ ಅಜ್ಜಿ ನೆನಪಾಗಿ ಕಣ್ಣು ತುಂಬಿ ಬಂತು.

ಇನ್ನೊಬ್ಬರು: ಅಣ್ಣ ಹೇಳಿದ ಮಾತಿನ ಲೆಕ್ಕವೇ ನನಗೂ ಆಗಿಬಂದದ್ದು. 220ರಿಂದ ವಯಸ್ಸು ಕಳೆದು ಗರಿಷ್ಠ ಬಡಿತ ಲೆಕ್ಕ ಹಾಕ್ತಾರಲ್ಲ, ಅದನ್ನ ನಂಬಿ ವಾಚ್ ನೋಡ್ತಾ ನಡೀತಿದ್ದೆ. ಎಷ್ಟು ಬಿರುಸಾಗಿ ನಡೆದ್ರೂ ಬಡಿತ ಏರ್ತಿರಲಿಲ್ಲ. ಬಿಪಿಗೆ ನಾನು ತಗೊಳ್ಳೋದು ಬೀಟಾ ಬ್ಲಾಕರ್ ಮಾತ್ರೆ, ಅದು ಬಡಿತವನ್ನೇ ತಗ್ಗಿಸುತ್ತೆ ಅಂತ ಆಮೇಲೆ ಗೊತ್ತಾಯ್ತು. ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳಿಯೇ ಶುರು ಮಾಡಿ. ನಡೀವಾಗ ಎದೆ ಬಿಗಿದ್ರೆ, ನೋವು ದವಡೆಗೋ ತೋಳಿಗೋ ಹರಿದ್ರೆ ಅಲ್ಲೇ ನಿಲ್ಲಿ, ಒಬ್ಬರೇ ಗಾಡಿ ಓಡಿಸ್ಕೊಂಡು ಹೋಗ್ಬೇಡಿ, 108ಕ್ಕೆ ಫೋನ್ ಮಾಡಿ.

ಮೈಸೂರಿನವರು: ಸರಿಯಾಗಿ ಹೇಳಿದ್ರಿ ಅಕ್ಕ. ಒಂದು ಬಿಟ್ಟಿದ್ದೆ. ಬೆಟ್ಟ ಹತ್ತಿದ ದಿನ ಇಳಿಯೋಕೆ ಸಿಟಿ ಬಸ್ಸೇ ಹಿಡೀತೀನಿ, ಮಂಡಿಗೆ ಪೆಟ್ಟು ಬೀಳೋದು ಇಳಿಯೋವಾಗ.