ಬೂಷ್ಟಿಗೆ ಕಾನೂನು ಮಿತಿ: ಬೀಜಕಣ ಎಣಿಸಬೇಕೋ, ತೇವ ಅಳೆಯಬೇಕೋ?

ಹಸಿಗೋಡೆ:
ಬಾಡಿಗೆ ಮನೆಗಳ ತೇವ, ಬೂಷ್ಟಿನ ಬಗ್ಗೆ ಒಂದು ಕರಡು ನಿಯಮ ಓದುತ್ತಿದ್ದೇನೆ. ‘ಗಾಳಿಯಲ್ಲಿ ಬೂಷ್ಟಿನ ಬೀಜಕಣ ಘನ ಮೀಟರಿಗೆ ಇಷ್ಟನ್ನು ಮೀರಬಾರದು’ ಎಂಬ ಸಾಲು ಅದರಲ್ಲಿದೆ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಮಿತಿ ಇರುವ ಹಾಗೆ ಇದಕ್ಕೂ ಇರಲಿ ಎಂಬುದು ವಾದ. ಇದು ನಿಲ್ಲುತ್ತದೆಯೇ? ನಿಲ್ಲದಿದ್ದರೆ ಆ ಜಾಗದಲ್ಲಿ ಯಾವ ಅಂಕಿ ಬರಬೇಕು?

ಇಬ್ಬನಿಬಿಂದು:
ಆ ಸಾಲು ತೆಗೆಸಿ. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಆರೋಗ್ಯದ ಆಧಾರದ ಮೇಲೆ ಇಂಥ ಮಿತಿ ಸೂಚಿಸಲು ಆಗದು, ತೇವವನ್ನೇ ತಡೆಯಿರಿ ಎಂದಿದೆ. ಅಮೆರಿಕದ ಒಕ್ಕೂಟ ಸರ್ಕಾರವೂ ಬೀಜಕಣಕ್ಕೆ ಮಿತಿ ಇಟ್ಟಿಲ್ಲ. ಗಾಳಿಯ ಮಾದರಿ ಕೆಲವೇ ನಿಮಿಷದ್ದು. ಕಿಟಕಿ ತೆರೆದರೆ, ಹಾಸಿಗೆ ಕೊಡವಿದರೆ, ಹೊರಗೆ ಗಾಳಿ ಬೀಸಿದರೆ ಎಣಿಕೆ ಹಲವು ಪಟ್ಟು ಏರಿಳಿಯುತ್ತದೆ. ಬೀರುವಿನ ಹಿಂದೆ ಗೋಡೆ ಕಪ್ಪಾಗಿದ್ದರೂ ಆ ದಿನದ ವರದಿ ‘ಸರಿ ಇದೆ’ ಎಂದು ಬರಬಹುದು. ಆಗ ಮನೆಮಾಲೀಕ ಅದೇ ಕಾಗದ ತೋರಿಸಿ ಕೈ ತೊಳೆದುಕೊಳ್ಳುತ್ತಾನೆ.

ಅಳೆಯಬೇಕಾದದ್ದು ಗೋಡೆಯ ಮೇಲ್ಮೈ. ಕೋಣೆ 20 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ 50% ಎಂದುಕೊಳ್ಳಿ. ಇಬ್ಬನಿಬಿಂದು, ಅಂದರೆ ಗಾಳಿಯ ನೀರಾವಿ ಹನಿಗಟ್ಟಲು ಶುರುವಾಗುವ ಉಷ್ಣತೆ, ಸುಮಾರು 9.3 ಡಿಗ್ರಿ. ಆದರೆ ಬೂಷ್ಟು ನೀರ ಹನಿಗಾಗಿ ಕಾಯುವುದಿಲ್ಲ. ಮೇಲ್ಮೈ 12.6 ಡಿಗ್ರಿಗೆ ಇಳಿದರೆ ಅಲ್ಲಿನ ಆರ್ದ್ರತೆ 80% ಆಗುತ್ತದೆ, ಅದೇ ಸ್ಥಿತಿ ದಿನಗಟ್ಟಲೆ ಉಳಿದರೆ ಅಷ್ಟೇ ಸಾಕು. ಬೇಗ ತಣ್ಣಗಾಗುವ ಹೊರಮೂಲೆ, ತೊಲೆಯ ತುದಿ, ಕಿಟಕಿಯ ಅಂಚಿನಲ್ಲೇ ಮೊದಲು ಕಾಣಿಸಿಕೊಳ್ಳುವುದು ಇದಕ್ಕೇ.

ಕಾಯಿದೆಪುಟ:
ಮೇಲಿನದ್ದು ಸರಿ. ಚಾಲ್ತಿಯಲ್ಲಿರುವ ಒಳ್ಳೆಯ ನಿಯಮಗಳು ಅಂಕಿಯನ್ನು ಇಟ್ಟಿರುವುದು ಎರಡು ಕಡೆ: ಗಡುವಿನಲ್ಲಿ, ಕಟ್ಟಡದ ಭಾಗಗಳಲ್ಲಿ.

ಗಡುವಿಗೆ ಇಂಗ್ಲೆಂಡ್ ನೋಡಿ. ರಾಚ್‌ಡೇಲ್‌ನಲ್ಲಿ ಬೂಷ್ಟು ಹಿಡಿದ ಮನೆಯಲ್ಲಿದ್ದ ಎರಡು ವರ್ಷದ ಅವಾಬ್ ಇಶಾಕ್ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿಗಳಿಗೆ (ಸ್ಥಳೀಯ ಆಡಳಿತ, ವಸತಿ ಸಂಘಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ) ಅನ್ವಯಿಸುತ್ತಿದೆ. ತುರ್ತು ಅಪಾಯವಾದರೆ 24 ಗಂಟೆಯೊಳಗೆ ಪರಿಶೀಲಿಸಿ ಅಪಾಯ ನಿವಾರಿಸಬೇಕು. ಗಂಭೀರ ತೇವ, ಬೂಷ್ಟಿನ ದೂರಾದರೆ 10 ಕೆಲಸದ ದಿನದೊಳಗೆ ತನಿಖೆ, ಅದು ಮುಗಿದ 3 ಕೆಲಸದ ದಿನದೊಳಗೆ ಲಿಖಿತ ಸಾರಾಂಶ, 5 ಕೆಲಸದ ದಿನದೊಳಗೆ ಮನೆ ಸುರಕ್ಷಿತವಾಗಬೇಕು.

ಕಟ್ಟಡದ ಭಾಗಗಳಿಗೆ ನ್ಯೂಜಿಲೆಂಡ್‌ನ ಬಾಡಿಗೆ ಮನೆ ಮಾನದಂಡ ಚೆನ್ನಾಗಿದೆ. ಅಡುಗೆಮನೆಯ ಹೊಸ ಎಕ್ಸಾಸ್ಟ್ ಫ್ಯಾನು ಸೆಕೆಂಡಿಗೆ 50 ಲೀಟರ್ ಗಾಳಿ ಎಳೆಯಬೇಕು ಇಲ್ಲವೇ 150 ಮಿ.ಮೀ. ಕೊಳವೆ ಇರಬೇಕು, ಬಚ್ಚಲಿನದು 25 ಲೀಟರ್ ಇಲ್ಲವೇ 120 ಮಿ.ಮೀ. ಎರಡರ ಗಾಳಿಯೂ ಹೊರಗೇ ಹೋಗಬೇಕು. ಅಟ್ಟಕ್ಕೆ ಊದುವ ಫ್ಯಾನು ತೇವವನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಸಾಗಿಸುತ್ತದೆ, ಅಷ್ಟೇ.

ಇನ್ನೊಂದು ಷರತ್ತು ಖಂಡಿತ ಸೇರಿಸಿ: ಪರೀಕ್ಷೆ ಮಾಡಿದವರಿಗೆ ಅದೇ ಮನೆಯ ಶುಚಿ ಕೆಲಸದ ಗುತ್ತಿಗೆ ಕೊಡಬಾರದು. ಟೆಕ್ಸಾಸ್, ನ್ಯೂಯಾರ್ಕ್ ರಾಜ್ಯಗಳಲ್ಲಿ ಈ ನಿರ್ಬಂಧವಿದೆ.

ಹಸಿಗೋಡೆ:
ತುಂಬ ಉಪಯೋಗವಾಯಿತು. ‘ಬಾಡಿಗೆದಾರರು ಮನೆಯೊಳಗೇ ಬಟ್ಟೆ ಒಣಹಾಕುತ್ತಾರೆ, ಕಿಟಕಿ ತೆಗೆಯುವುದಿಲ್ಲ’ ಎಂದು ಮಾಲೀಕರು ಹೇಳಿದರೆ ತನಿಖೆ ಹೇಗೆ ತೀರ್ಮಾನಿಸಬೇಕು?

ಇಬ್ಬನಿಬಿಂದು:
ಉಷ್ಣತೆ, ಆರ್ದ್ರತೆ ದಾಖಲಿಸುವ ಮೂರು ಲಾಗರ್ ಇಡಿ: ಕೋಣೆಯ ನಡುವೆ, ಹೊರಗೆ ನೆರಳಲ್ಲಿ, ಬೂಷ್ಟು ಬಂದ ಜಾಗಕ್ಕೆ ಅಂಟಿಸಿ. 10 ನಿಮಿಷಕ್ಕೊಂದು ದಾಖಲೆ, ಎರಡು ವಾರ. ಒಳ ಹೊರ ಆರ್ದ್ರತೆಯ ಶೇಕಡಾವಾರನ್ನು ನೇರವಾಗಿ ಹೋಲಿಸಬೇಡಿ, ಎರಡನ್ನೂ ಘನ ಮೀಟರಿಗೆ ಎಷ್ಟು ಗ್ರಾಂ ನೀರಾವಿ ಎಂದು ಬದಲಿಸಿಕೊಳ್ಳಿ. ವ್ಯತ್ಯಾಸ ಕಡಿಮೆಯಿದ್ದೂ ಮೇಲ್ಮೈ ತಣ್ಣಗಿದ್ದರೆ ದೋಷ ಗೋಡೆಯದು. ವ್ಯತ್ಯಾಸ ಹೆಚ್ಚಿದ್ದರೆ ಮೊದಲು ಫ್ಯಾನಿನ ಹರಿವನ್ನು ಅಳೆಯಿರಿ, ಬಾಡಿಗೆದಾರರ ಮಾತು ಆಮೇಲೆ. ಒಂದೇ ತೇಪೆ ಮಳೆಯ ಮರುದಿನ ಹರಡಿದರೆ ಅದು ಸೋರಿಕೆ.

ಗೋಡೆಗೆ ಲೋಹದ ಮುಳ್ಳು ಚುಚ್ಚಿ ಅಳೆಯುವ ತೇವಮಾಪಕದ ಶೇಕಡಾವಾರನ್ನು ಸಾಕ್ಷಿಯಾಗಿ ಒಪ್ಪಬೇಡಿ. ಅದರ ಅಳತೆಪಟ್ಟಿ ಸಾಮಾನ್ಯವಾಗಿ ಮರಕ್ಕೆ ಮಾಡಿದ್ದು, ಪ್ಲಾಸ್ಟರಿನಲ್ಲಿ ಉಪ್ಪಿದ್ದರೆ ಒಣಗಿದ ಗೋಡೆಯನ್ನೂ ಒದ್ದೆ ಎನ್ನುತ್ತದೆ. ವಿವಾದ ಬಂದರೆ ಗೋಡೆಯಿಂದ ಕೊರೆದ ಪುಡಿಯನ್ನು ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಬೇಕು.

ಕಾಯಿದೆಪುಟ:
ಬೂಷ್ಟಿನ ಮೇಲೆ ಬಣ್ಣ ಬಳಿದದ್ದನ್ನು ‘ದುರಸ್ತಿ’ ಎಂದು ಎಣಿಸುವುದಿಲ್ಲ ಎಂದೂ ಬರೆಯಿಸಿ. ಬ್ಲೀಚಿನಿಂದ ಸತ್ತ ಬೂಷ್ಟೂ ಅಲರ್ಜಿ ತರುತ್ತದೆ. ಬೂಷ್ಟು ಒಳಗಿಳಿದ ಜಿಪ್ಸಂ ಹಲಗೆಯನ್ನು ಕತ್ತರಿಸಿ ತೆಗೆಯಬೇಕು. ಅದಕ್ಕೂ ಮೊದಲು ನೀರಿನ ಮೂಲ ನಿಲ್ಲಬೇಕು.